ಆ ಊರಿನಲ್ಲಿ ನೋಡಬೇಕಾದ ಐದು ಜಾಗಗಳು

ದೇವದುರ್ಗದ ಕಚೇರಿಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು, "ನಿಮ್ಮೂರಾಗ ಮಂದಿ ನೋಡುವಂಥಾದ್ದು ಏನೇನದರೀ ಅಕ್ಕೋರ?" ಎಂದು ಕೇಳಿದಾಗ ಶಾಲೆಯ ಬಾಗಿಲಲ್ಲಿ ನಿಂತಿದ್ದ ಮಂದಿ ಗೊಳ್ಳೆಂದು ನಕ್ಕಿದ್ದರು. "ನೋಡಾಕೇನದರೀ ಸಾಹೇಬ್ರ, ಬಿಸಲು ಅದ, ಜಾಲಿ ಅದ, ನಾವದೀವಿ" ಎಂದು ಒಬ್ಬ ಹೇಳಿದ. ನಾನೂ ಅವರ ಜತೆ ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲಿ ಇರಲಿಲ್ಲ. ತಾಲೂಕಿನ ವತಿಯಿಂದ ಪ್ರವಾಸಿಗರಿಗಾಗಿ ಒಂದು ಚಿಕ್ಕ ಪುಸ್ತಕ ಬರುತ್ತದೆ, ಪ್ರತಿ ಊರಿನ ಶಿಕ್ಷಕರು ಪಟ್ಟಿ ಬರೆದುಕೊಡಬೇಕು ಎಂದು ಸಾಹೇಬರು ಹೇಳಿದ್ದೇ ತಡ, ನಾನು ಮಕ್ಕಳನ್ನು ಮನೆಗೆ ಕಳಿಸಿ ಬರೆಯಲು ಕುಳಿತೆ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಕೃಷ್ಣಾ ನದಿಯ ದಂಡೆಯಲ್ಲಿರುವ ಆ ಊರಿನ ಒಂದೇ ಕೋಣೆಯ ಶಾಲೆಗೆ ನಾನು ಹೊಸದಾಗಿ ಬಂದಿದ್ದೆ. ವಯಸ್ಸು ಇಪ್ಪತ್ತಮೂರು, ಅಕ್ಷರ ದುಂಡಗೆ, ತಲೆ ತುಂಬ ಗರ್ವ. ಪಟ್ಟಿಯಲ್ಲಿ ಐದು ಜಾಗ ಬರೆದೆ. ಮೊದಲನೆಯದು ಗುಡ್ಡದ ಮೇಲಿನ ಹಾಳುಬುರುಜು, ಅಲ್ಲಿ ಹಗಲೆಲ್ಲ ಕುರಿಗಳು ನೆರಳಿಗೆ ಮಲಗುತ್ತಿದ್ದವು. ಎರಡನೆಯದು ದರ್ಗಾದ ಹುಣಸೆಮರ. ಮೂರನೆಯದು ಮೆಟ್ಟಿಲ ಬಾವಿ, ನೀರು ಮಾತ್ರ ಕೇಳಬೇಡಿ. ನಾಲ್ಕನೆಯದು ನಡುಗಡ್ಡೆಯ ಗುಡಿ. ನದಿಯ ನಡುವೆ ಉದ್ದಕ್ಕೆ ಮಲಗಿದ ಆ ದಿಬ್ಬದ ಮೇಲೆ ಕಲ್ಲಿನ ಒಂದು ಹಳೆಯ ಗುಡಿ, ಅದರ ಹಿಂದೆ ಎರಡು ಬೇವಿನ ಮರ. ದೇವರಿಲ್ಲ, ಪೂಜೆಯಿಲ್ಲ, ಆದರೂ ಹರಿಗೋಲಿನಲ್ಲಿ ಕುಳಿತು ಅಲ್ಲಿಗೆ ಹೋಗುವುದೇ ಒಂದು ಸುಖ.

ಐದನೆಯದು ದಂಡೆಯ ಒರಳು. ಅದನ್ನು ಬರೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಹರಿಗೋಲು ಬಿಡುವ ಜಾಗದಲ್ಲಿ, ನೆಲದಲ್ಲಿ ಅರ್ಧ ಹೂತ ಹಳೆಯ ಒರಳುಕಲ್ಲು ಇತ್ತು. ನಡುಗಡ್ಡೆಗೆ ಹೋಗುವ ಪ್ರತಿಯೊಬ್ಬರೂ ದಂಡೆಯಿಂದ ಒಂದು ಕಲ್ಲು ಆರಿಸಿ ಅದರ ಕುಳಿಯಲ್ಲಿ ಹಾಕಿ ಹೋಗಬೇಕು. ತಿರುಗಿ ಬಂದಮೇಲೆ ತಾನು ಹಾಕಿದ ಕಲ್ಲನ್ನು ತಾನೇ ತೆಗೆದು ನದಿಗೆ ಎಸೆಯಬೇಕು. ಒರಳು ಬರಿದಾಯಿತೆಂದರೆ ಎಲ್ಲರೂ ಬಂದರು ಎಂದು ಅಂಬಿಗ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುತ್ತಿದ್ದ. ಒಂದು ಕಲ್ಲು ಉಳಿದಿದ್ದರೂ ಹುಟ್ಟು ಕೈಗೆ ತಗೊಂಡು ತಿರುಗಿ ಹೊರಡುತ್ತಿದ್ದ. ನೀರಿನ ಮೇಲೆ ಹೋಗುವ ಮಂದಿಯ ತಲೆ ಎಣಿಸಬಾರದು ಎನ್ನುವುದು ಅವನ ಮನೆತನದ ನೇಮ. ನಾನು ಒಮ್ಮೆ ಬೆರಳು ಮಾಡಿ ಒಂದು, ಎರಡು ಅಂದದ್ದಕ್ಕೆ ಆ ಮುದುಕ ಸಿಟ್ಟಾಗಿದ್ದ. "ಹಂಗ ತಲಿ ಎಣಿಸಬ್ಯಾಡ್ರಿ ಅಕ್ಕೋರ. ಹೊಳಿ ಕೇಳಿಸ್ಕೋತದ. ನನಗ ಕಲ್ಲು ಸಾಕು." ಈ ಪದ್ಧತಿ ನನಗೆ ಬಹಳ ಚೆಂದ ಕಂಡಿತ್ತು. ಪಟ್ಟಿಯಲ್ಲಿ ಅದಕ್ಕೆ ನಾಲ್ಕು ಸಾಲು ಕೊಟ್ಟಿದ್ದೆ.

ಪುಸ್ತಕ ಬರುವ ಮೊದಲೇ ಪ್ರವಾಸಿಗರು ಬಂದರು. ಅವರನ್ನು ಕರೆದವಳೂ ನಾನೇ. ರಾಯಚೂರಿನ ಒಂದು ಶಾಲೆಯ ಮಾಸ್ತರರು, ಅವರ ಮನೆಯವರು, ಎಲ್ಲ ಸೇರಿ ಒಂದು ಮೆಟಡೋರ್ ಮಾಡಿಕೊಂಡು ಶ್ರಾವಣದ ಒಂದು ಆದಿತ್ಯವಾರ ಬರುವುದೆಂದು ಠರಾವಾಯಿತು. ಅವರಲ್ಲಿ ಒಬ್ಬ ಮಾಸ್ತರರ ಜತೆ ನನ್ನ ಮದುವೆಯ ಮಾತು ನಡೆದಿತ್ತು. ಅವರ ತಾಯಿಯೂ ಬರುವವರಿದ್ದರು. ನೋಡಲು ಬರುವುದು ನಡುಗಡ್ಡೆಯನ್ನಲ್ಲ, ನನ್ನನ್ನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ವಾರವೇ ಅಕ್ಕ ಬಂದಳು.

ಅಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮದು ಮಾನ್ವಿ. ಅಪ್ಪ, ಅವ್ವ ಇಬ್ಬರೂ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಇಪ್ಪತ್ತು. ಗಂಡ ತೀರಿಕೊಂಡು ತಿರುಗಿ ಬಂದಿದ್ದವಳು ನನ್ನ ಕೈ ಹಿಡಿದುಕೊಂಡು ರಾಯಚೂರಿಗೆ ಹೋದಳು. ಹತ್ತಿಯಿಂದ ಕಾಳು ಬಿಡಿಸುವ ಒಂದು ಮಿಲ್ಲಿನಲ್ಲಿ ಹದಿನೈದು ವರ್ಷ ದುಡಿದಳು. ಅವಳು ಮಿಲ್ಲಿನಿಂದ ಬಂದಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಯಲ್ಲೆಲ್ಲ ಅರಳೆಯ ಧೂಳು ಇರುತ್ತಿತ್ತು. ಆ ಧೂಳಿನ ದುಡಿಮೆಯಲ್ಲಿ ನಾನು ಹತ್ತನೆಯದು ಮುಗಿಸಿದೆ, ಶಿಕ್ಷಕರ ತರಬೇತಿ ಮುಗಿಸಿದೆ. ಯಂತ್ರಗಳ ಸದ್ದಿಗೆ ಅವಳ ಕಿವಿ ಪೂರ್ತಿ ಹೋಯಿತು. ಮಿಲ್ಲಿನ ಹೆಂಗಸರೆಲ್ಲ ಹಾಗೆಯೇ. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ತುಟಿ ನೋಡಿಯೇ ಮಾತಾಡುತ್ತಾರೆ. ಅಕ್ಕ ಹತ್ತು ಮಾರು ದೂರದಿಂದ ತುಟಿ ಓದುತ್ತಿದ್ದಳು. ಅವಳ ಮುಂದೆ ಪಿಸುಗುಟ್ಟಿ ಏನನ್ನೂ ಮುಚ್ಚಿಡುವಂತಿರಲಿಲ್ಲ.

ಬಂದ ಮರುದಿನ, ರೊಟ್ಟಿ ಬಡಿಯುತ್ತ ಕೇಳಿದಳು. "ಇನ್ನ ಮಿಲ್ಲಿಗಿ ಹೋಗಾಕ ಆಗವಲ್ದು ತಂಗಿ. ಉಸಿರು ಹತ್ತತದ. ನಿನ್ನ ಹಂತೇಕ ಇದ್ದುಬಿಡ್ಲೇನು?"

ನಾನು ತಟ್ಟನೆ ಹೂಂ ಅನ್ನಬೇಕಿತ್ತು. ನಾಯಿಗಾದರೂ ಅಷ್ಟು ನಿಯತ್ತು ಇರುತ್ತದೆ. ನಾನು ಹೇಳಿದ್ದು, "ಮದಿವಿ ಮಾತು ನಡದಾವ ಯಕ್ಕಾ. ಅವರು ಏನಂತಾರೋ ನೋಡಿ ಹೇಳ್ತೀನಿ."

ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದವಳು ತಲೆ ತಗ್ಗಿಸಿ ರೊಟ್ಟಿ ತಿರುವಿ ಹಾಕಿದಳು. ಆ ಆದಿತ್ಯವಾರ ಬರುವ ಮಂದಿಗೆಲ್ಲ ಬುತ್ತಿ ಕಟ್ಟಲು ಬೆಳಗಿನ ಜಾವ ಎದ್ದವಳೂ ಅವಳೇ. ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ.

ಮೆಟಡೋರ್ ಬಂತು. ಬುರುಜು ತೋರಿಸಿದೆ, ಬಾವಿ ತೋರಿಸಿದೆ. ಹುಣಸೆಮರದ ಕೆಳಗೆ ಎಲ್ಲರೂ ದಣಿವಾರಿಸಿಕೊಂಡರು. ಅಲ್ಲಿ ಮಾಸ್ತರರ ತಾಯಿ, ಬುತ್ತಿಯ ಗಂಟು ಹೊತ್ತು ಹಿಂದೆ ನಿಂತಿದ್ದ ಅಕ್ಕನನ್ನು ನೋಡಿ, "ಇವರು ಯಾರವ್ವಾ?" ಎಂದು ಕೇಳಿದರು. ಅಕ್ಕನ ಸೀರೆ ಹಳೆಯದು. ಕೈ ಬಿರಿದಿದ್ದವು. ಮಾತಾಡಿದರೆ ಕಿವುಡರ ಗಟ್ಟಿ ದನಿ. ಮದುವೆಯ ಮಾತಿನಲ್ಲಿ ಅಕ್ಕ ಇದ್ದಾಳೆ ಎಂದು ಹೇಳಿದ್ದೆ, ಮಿಲ್ಲಿನಲ್ಲಿ ದುಡಿಯುತ್ತಾಳೆ ಎಂದು ಹೇಳಿರಲಿಲ್ಲ.

"ನಮ್ಮ ಕಡ್ಯಾಕಿರೀ. ಕೆಲಸಕ್ಕ ಬಂದಾಳ" ಎಂದೆ.

ಮೆಲ್ಲಗೆ ಹೇಳಿದ್ದೆ. ಮೆಲ್ಲಗೆ ಹೇಳಿದರೆ ಏನು ಬಂತು? ಅಕ್ಕ ಐದು ಮಾರು ದೂರದಲ್ಲಿದ್ದಳು, ನನ್ನ ಮುಖಕ್ಕೆ ಮುಖ ಕೊಟ್ಟು. ಓದಿಬಿಟ್ಟಳು. ಗಂಟನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು, ಅಷ್ಟೇ.

ದಂಡೆಯಲ್ಲಿ ಎಲ್ಲರೂ ನಗುನಗುತ್ತ ಕಲ್ಲು ಆರಿಸಿದರು. ನಮ್ಮ ಹೊಳೆಯ ಕಲ್ಲುಗಳು ಬಣ್ಣಬಣ್ಣದವು. ಜೇನಿನ ಬಣ್ಣ, ಹಾಲಿನ ಬಣ್ಣ, ಗೆರೆ ಇದ್ದವು. ಒಬ್ಬ ಮಾಸ್ತರರು ಒರಳಿನ ಫೋಟೋ ತೆಗೆದರು. ಅಕ್ಕ ಆರಿಸಲು ಹೋಗಲಿಲ್ಲ. ಕಾಲಬುಡದಲ್ಲಿ ಬಿದ್ದಿದ್ದ ಕೆಂಪು ಹಂಚಿನ ಚೂರೊಂದನ್ನು ಎತ್ತಿ ಕುಳಿಯಲ್ಲಿ ಹಾಕಿ ಹರಿಗೋಲು ಹತ್ತಿದಳು. ಎರಡು ಸಲ ಮಂದಿಯನ್ನು ಸಾಗಿಸಿ ಅಂಬಿಗ ಎಲ್ಲರನ್ನೂ ನಡುಗಡ್ಡೆಗೆ ಮುಟ್ಟಿಸಿದ.

ಊಟವಾಯಿತು. ಹಾಡಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಬಿಗ ನೀರಿನ ಕಡೆ ನೋಡಿ ಎದ್ದು ನಿಂತ. ನೀರಿನ ಮೇಲೆ ನೊರೆ ತೇಲಿ ಬರುತ್ತಿತ್ತು, ನೊರೆಯ ಜತೆ ಕಸಕಡ್ಡಿ. ನಮ್ಮಲ್ಲಿ ಮೋಡದ ತುಣುಕೂ ಇರಲಿಲ್ಲ. ಆದರೆ ಕೃಷ್ಣೆ ನಮ್ಮ ಮಳೆಗೆ ಕಾಯುವವಳಲ್ಲ. ಮೇಲಿನ ಸೀಮೆಯಲ್ಲಿ ಸುರಿದದ್ದು ಬಿಸಿಲಿನಲ್ಲೇ ನಮ್ಮ ಮೇಲೆ ಬರುತ್ತದೆ. "ನೀರು ಬರಾಕತ್ತದ. ಲಗೂ ಏಳ್ರಿ" ಎಂದ.

ಮೊದಲ ಹರಿಗೋಲಿನಲ್ಲಿ ಹೆಂಗಸರು, ಮಕ್ಕಳು ಹೋದರು. ಅಕ್ಕ ಅವರ ಜತೆ ಹೋಗಿದ್ದಾಳೆ ಎಂದು ನಾನು ಅಂದುಕೊಂಡೆ. ನೋಡಿದೆನೇ? ಇಲ್ಲ. ಬೆಳಗಿನ ಆ ಮಾತಿನ ನಂತರ ಅವಳ ಮುಖ ನೋಡುವುದನ್ನು ತಪ್ಪಿಸಿಕೊಂಡೇ ತಿರುಗುತ್ತಿದ್ದೆ. ಅವಳೂ ಹಾಗೆಯೇ ನಮ್ಮಿಂದ ಮರೆಯಾಗಿ, ಗುಡಿಯ ಹಿಂದಿನ ಬೇವಿನ ಬುಡದಲ್ಲಿ ಸೆರಗು ಹಾಸಿ ಮಲಗಿದ್ದಳು. ಎರಡನೆಯ ಸರತಿಗೆ ಅಂಬಿಗ, "ಎಲ್ಲಾರೂ ಬಂದ್ರೇನು, ನೋಡ್ರಿ" ಎಂದಾಗ ನಾನು ನಿಂತಲ್ಲಿಂದಲೇ ಎರಡು ಸಲ ಕೂಗಿದೆ. ಕಿವಿ ಇದ್ದವರು ಯಾರೂ ಅಲ್ಲಿ ಉಳಿದಿರಲಿಲ್ಲ. "ಬಂದ್ರು, ನಡೀರಿ" ಎಂದೆ.

ಈ ದಂಡೆ ಮುಟ್ಟುವಾಗ ನೀರು ಏರಿತ್ತು. ಮೊದಲು ಬಂದವರು ತಮ್ಮ ತಮ್ಮ ಕಲ್ಲು ತೆಗೆದಿದ್ದರು. ಉಳಿದವು ನಮ್ಮವು. ಮೆಟಡೋರಿನ ಡ್ರೈವರು ಹಾರ್ನ್ ಹೊಡೆಯುತ್ತಿದ್ದ. ಕೆಸರಿನಲ್ಲಿ ಒಬ್ಬೊಬ್ಬರಾಗಿ ಬಂದು ಬಗ್ಗಿ ತಮ್ಮ ಕಲ್ಲು ಹುಡುಕುವುದು ತಡವಾಗುತ್ತಿತ್ತು. ಮಾಸ್ತರರ ತಾಯಿ ಒರಳಿನ ಹತ್ತಿರವೇ ನಮ್ಮ ದಾರಿ ಕಾಯುತ್ತಿದ್ದರು. "ಈ ಎರಡು ಕಲ್ಲು ಭಾಳ ಚಂದ ಅವ ನೋಡವ್ವಾ, ಮನಿಗಿ ಒಯ್ಯಲೇನು?" ಎಂದರು. ನಾನು ಹಿರಿಹಿರಿ ಹಿಗ್ಗಿ, "ತಗೋರ್ರಿ ಅತ್ತಿ. ಎಲ್ಲಾರೂ ಹೋಗ್ರಿ ನೀವು, ಉಳಿದಿದ್ದು ನಾನು ತಗೀತೀನಿ" ಎಂದು ಕುಳಿಗೆ ಕೈ ಹಾಕಿ, ಇದ್ದದ್ದನ್ನೆಲ್ಲ ಬಾಚಿ ಸೆರಗಿನಲ್ಲಿ ಕಟ್ಟಿಕೊಂಡೆ. ಅತ್ತಿ ಅಂದಿದ್ದೆ, ಇನ್ನೂ ಮದುವೆಯ ಮಾತೇ ಮುಗಿದಿರಲಿಲ್ಲ.

ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತಿದೆ. ಬಾಚುವಾಗ ನುಣುಪು ಕಲ್ಲುಗಳ ನಡುವೆ ಒಂದು ಒರಟು ಅಂಚು ಬೆರಳಿಗೆ ತಾಗಿತು. ತಾಗಿದ್ದು ಗೊತ್ತಾಯಿತು. ಬಗ್ಗಿ ನೋಡಲಿಲ್ಲ.

ಅಂಬಿಗ ಬಂದ. ಒರಳಿನಲ್ಲಿ ಇಣುಕಿದ. ಬರಿದಾಗಿತ್ತು. ಹರಿಗೋಲನ್ನು ಮೇಲಕ್ಕೆ ಎಳೆದು ಬೋರಲು ಹಾಕಿದ.

ಮಂದಿಯನ್ನು ಬೀಳ್ಕೊಟ್ಟು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಕ್ಕ ಇರಲಿಲ್ಲ. ಸಿಟ್ಟಿಗೆ ಯಾರ ಮನೆಯಲ್ಲಾದರೂ ಕುಳಿತಿರಬೇಕು, ಬರಲಿ ಎಂದು ಸ್ಟೋವ್ ಹಚ್ಚಿ ಚಹಾಕ್ಕೆ ಇಟ್ಟೆ. ಸೊಂಟದಲ್ಲಿ ಭಾರವಾಗುತ್ತಿದ್ದ ಗಂಟು ಬಿಚ್ಚಿ ನೆಲದ ಮೇಲೆ ಸುರಿದೆ. ಕಲ್ಲುಗಳ ನಡುವೆ ಆ ಕೆಂಪು ಹಂಚಿನ ಚೂರು ಬಿತ್ತು.

ಚಹಾ ಉಕ್ಕಿ ಸ್ಟೋವ್ ಆರಿದ್ದನ್ನು ಮರುದಿನ ಯಾರೋ ಹೇಳಿದರು.

ನದಿಗೆ ಓಡಿದೆ. ಒರಳು ಆಗಲೇ ನೀರಿನಲ್ಲಿ ಮುಳುಗಿತ್ತು. ಅಂಬಿಗ ದಂಡೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಚೂರನ್ನು ಅವನ ಮುಂದೆ ಹಿಡಿದೆ. ಅಕ್ಕ ಅದನ್ನು ಕುಳಿಯಲ್ಲಿ ಹಾಕುವಾಗ ಅವನು ನೋಡಿದ್ದ.

"ಇದನ್ನ ಯಾರು ತಗದ್ರು?"

"ನಾನ."

"ನಿಮ್ಮ ಕೈಲೇ ತಗದ್ರಾ?" ಅವನ ಬೀಡಿ ಕೆಳಗೆ ಬಿತ್ತು. "ಒಬ್ಬರ ಕಲ್ಲು ಇನ್ನೊಬ್ಬರು ತಗೀಬಾರದ್ರೀ ಅಕ್ಕೋರ. ಹೊಳ್ಯಾಗ ಹೋದೋರದ್ದು, ಹೆಣ ಸಿಗಲಾರದೋರದ್ದು, ಅವರ ಮನಿ ಮಂದಿ ಬಂದು ತಗೀತಾರ. ಇನ್ನ ಬರಾಂಗಿಲ್ಲ ಅಂತ ಗೊತ್ತಾದ ಮ್ಯಾಲೆ."

ಪಟ್ಟಿಯಲ್ಲಿ ಈ ಪದ್ಧತಿಗೆ ನಾಲ್ಕು ಸಾಲು ಬರೆದವಳು ನಾನು. ಈ ಒಂದು ಸಾಲನ್ನು ಯಾರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

ಹರಿಗೋಲು ಹಾಕು ಎಂದು ಅವನ ಕಾಲು ಹಿಡಿದೆ. "ಈಗ ಹಾಕಿದ್ರ ಆಕಿನೂ ಬರಾಂಗಿಲ್ಲ, ನಾನೂ ಬರಾಂಗಿಲ್ಲ" ಎಂದ. ಸುಳ್ಳಲ್ಲ. ಆ ನೀರಿನಲ್ಲಿ ಬೇರುಸಹಿತ ಕಿತ್ತ ಗಿಡಗಳು ಗಿರಗಿರ ತಿರುಗುತ್ತ ಹೋಗುತ್ತಿದ್ದವು.

ಮರುದಿನ ಬೆಳಗಾದಾಗ ನಡುಗಡ್ಡೆ ಕಾಣಲಿಲ್ಲ. ಬೇವಿನ ಮರಗಳ ತಲೆ, ಗುಡಿಯ ಮಾಳಿಗೆ, ಅದರ ಮೇಲೆ ಒಂದು ಹಸಿರು ಚುಕ್ಕೆ. ಅಕ್ಕನ ಸೀರೆ. ಬದುಕಿದ್ದಳು. ನಾನು ಅಳುತ್ತ, ನಗುತ್ತ ಸೆರಗು ಬೀಸಿದೆ. ಚುಕ್ಕೆ ಎದ್ದು ನಿಂತಿತು. ತಿರುಗಿ ಕೈ ಬೀಸಲಿಲ್ಲ. ಕೂಗಿದರೆ ಅವಳಿಗೆ ಕೇಳುವುದಿಲ್ಲ, ಅಷ್ಟು ದೂರದಿಂದ ತುಟಿ ಕಾಣುವುದಿಲ್ಲ. ಬರುತ್ತೇವೆ ಅಕ್ಕಾ, ನಾನು ಬೇಕೆಂದು ಬಿಟ್ಟು ಬರಲಿಲ್ಲ ಅಕ್ಕಾ ಎಂದು ಅವಳಿಗೆ ಮುಟ್ಟಿಸುವ ದಾರಿಯೇ ಇರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಇಷ್ಟೇ: ತಂಗಿ ಈಚೆ ದಂಡೆಯಲ್ಲಿ ಒಣಗಿದ ನೆಲದ ಮೇಲೆ ನಿಂತಿದ್ದಾಳೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು. ಸುತ್ತಲ ಹಳ್ಳಿಗಳಿಂದ ಮಂದಿ ನೋಡಲು ಬಂದರು. ಸೈಕಲ್ಲಿನ ಮೇಲೆ ಬಂದರು, ಚಕ್ಕಡಿ ಕಟ್ಟಿಕೊಂಡು ಬಂದರು, ದೇವದುರ್ಗದಿಂದ ಒಂದು ಟ್ರ್ಯಾಕ್ಟರ್ ತುಂಬ ಬಂದರು. ಹುರಿದ ಶೇಂಗಾ ಮಾರುವವನೊಬ್ಬ ಬುಟ್ಟಿ ಇಟ್ಟುಕೊಂಡು ಕುಳಿತ. "ಎಲ್ಲದಾಳ? ಅಕಾ ಅಲ್ಲಿ, ಕುಂತಾಳ ನೋಡು" ಎಂದು ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೋರಿಸಿದರು. ಈ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎನ್ನುತ್ತಿದ್ದರಲ್ಲ, ನಾನು ತಂದುಕೊಟ್ಟೆ. ಒಬ್ಬಾಕೆ ಶೇಂಗಾ ಸುಲಿಯುತ್ತ ನನ್ನನ್ನೇ ಕೇಳಿದಳು, "ಆಕಿ ಯಾರಂತ್ರೀ? ಕೂಲ್ಯಾಕಿ ಅಂತಲ್ಲ?"

"ನನ್ನ ಅಕ್ಕ" ಎಂದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಹೇಳಬೇಕಾದ ದಿನ ದಾಟಿತ್ತು.

ಎರಡು ರಾತ್ರಿ ಕಳೆದ ಮೇಲೆ ನೀರಿನ ಸೊಕ್ಕು ಇಳಿಯಿತು. ಅಂಬಿಗ ಒಬ್ಬನೇ ಹೋದ. ನಾನು ಬರುತ್ತೇನೆಂದರೆ ಕರೆದುಕೊಳ್ಳಲಿಲ್ಲ. ಒರಳು ಮತ್ತೆ ಕಾಣುತ್ತಿತ್ತು, ಕುಳಿಯ ತುಂಬ ಕೆಸರು. ಕೆಸರು ತೆಗೆದು ತೊಳೆದು ಹಂಚಿನ ಚೂರನ್ನು ಅದರಲ್ಲಿ ತಿರುಗಿ ಇಟ್ಟೆ. ಮಾಡಿದ್ದನ್ನು ಮಾಡದ ಹಾಗೆ ಮಾಡಬಹುದು ಎನ್ನುವ ಹುಚ್ಚು.

ಅಕ್ಕ ಇಳಿದಳು. ತುಟಿ ಒಡೆದಿದ್ದವು, ಮೊಣಕಾಲು ಕಲ್ಲಿಗೆ ತರಚಿದ್ದವು. ನಾನು ತಬ್ಬಿಕೊಳ್ಳಲು ಹೋದೆ. ಅವಳು ನನ್ನನ್ನು ದಾಟಿ ಒರಳಿನ ಹತ್ತಿರ ಹೋಗಿ ಚೂರನ್ನು ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ದಾರಿಯಲ್ಲಿ ಅಂಬಿಗ ನನ್ನನ್ನು ಬೈಯುತ್ತ ಎಲ್ಲ ಹೇಳಿದ್ದ. ಹರಿಗೋಲಿನಲ್ಲಿ ಎದುರೆದುರೇ ಕೂರುತ್ತಾರೆ.

"ನೀನ ತಗದೆಂತಲ್ಲ" ಎಂದಳು.

"ಗೊತ್ತಿರಲಿಲ್ಲ ಯಕ್ಕಾ. ಗಡಿಬಿಡ್ಯಾಗ..."

"ಹೂಂ" ಎಂದಳು. ಚೂರನ್ನು ನದಿಗೆ ಎಸೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎರಡು ದಿನ ನೋಡಿದೆ ತಂಗಿ. ಜಾಗ ಚಲೋ ಅದ."

ಅವಳು ಬೈದಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತು. ಬೈಯಲಿಲ್ಲ. ಬಿಸಿನೀರು ಕಾಸುತ್ತೇನೆಂದು ನಾನು ಮನೆಗೆ ಓಡಿದಾಗ, ಅವಳು ನನ್ನ ಹೊಸ್ತಿಲು ತುಳಿಯದೆ ನೇರ ರಸ್ತೆಗೆ ಹೋಗಿ ದೇವದುರ್ಗದ ಬಸ್ಸು ಹತ್ತಿದ್ದಳು. ಅಲ್ಲಿಂದ ಮಾನ್ವಿಗೆ. ಒಬ್ಬ ದೂರದ ಚಿಕ್ಕಮ್ಮನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇರತೊಡಗಿದಳು. ಅವಳ ಚೀಲ ನನ್ನ ಮನೆಯಲ್ಲೇ ಉಳಿಯಿತು. ಅದರಲ್ಲಿ ಎರಡು ಸೀರೆಯ ಜತೆ ಅವಳ ತಾಟು, ಲೋಟ, ದೇವರ ಪಟ ಇದ್ದವು. ಎಂಟು ದಿನಕ್ಕೆ ಬರುವವರು ಅವನ್ನೆಲ್ಲ ತರುವುದಿಲ್ಲ.

ಮದುವೆ ಆಯಿತು. ಮಾಸ್ತರರು ಒಳ್ಳೆಯವರು. ವಿಷಯ ತಿಳಿದಾಗ ಅತ್ತೆ ಹಣೆ ಚಚ್ಚಿಕೊಂಡರು. "ನಿನ್ನ ಸಾಕಿದಾಕಿನ್ನ ನಾವು ಬ್ಯಾಡ ಅಂತಿದ್ವೇನ? ಅವತ್ತ ಹೇಳಿದ್ರ ಆಕಿನ್ನ ನನ್ನ ಬಾಜೂಕ ಕುಂದ್ರಿಸ್ಕೋತಿದ್ದೆ." ಯಾವ ಭಯಕ್ಕೆ ಅಕ್ಕನನ್ನು ಕೆಲಸದವಳು ಎಂದಿದ್ದೆನೋ ಆ ಭಯಕ್ಕೆ ಬುಡವೇ ಇರಲಿಲ್ಲ.

ರಾಯಚೂರಿನಲ್ಲಿ ಮನೆ ಮಾಡಿದ ಮೇಲೆ ವರ್ಷಕ್ಕೆ ನಾಲ್ಕು ಸಲ ಮಾನ್ವಿಗೆ ಹೋಗಿ ಕರೆಯುತ್ತಿದ್ದೆ. ಅಕ್ಕ ಉಣ್ಣಲು ಇಡುತ್ತಿದ್ದಳು, ನನ್ನ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬರುವ ಮಾತು ತೆಗೆದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದರೆ ಮುಗಿಯಿತು, ಅವಳಿಗೆ ನನ್ನ ಮಾತು ಮುಟ್ಟುವುದಿಲ್ಲ. ಅದೇ ಅವಳ ಬಾಗಿಲು. ನಾನು ಎಷ್ಟು ಅತ್ತರೂ ಅದು ತೆರೆಯಲಿಲ್ಲ.

ತಾಲೂಕಿನ ಪುಸ್ತಕ ಮದುವೆಯ ವರ್ಷವೇ ಬಂತು. ನನ್ನ ಐದು ಜಾಗಗಳೂ ಅದರಲ್ಲಿದ್ದವು. ಒರಳಿನ ನಾಲ್ಕು ಸಾಲುಗಳನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿದ್ದರು.

ಎಂಬತ್ತರ ದಶಕದ ನಡುವೆ ಅಕ್ಕನ ಎದೆ ಪೂರ್ತಿ ಕಟ್ಟಿತು. ಮಿಲ್ಲಿನ ಅರಳೆ ಒಳಗೇ ಉಳಿದಿತ್ತು. ನಾನು ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು. ಕೊನೆಯ ದಿನ ಕಣ್ಣು ತೆರೆದಾಗ ಅವಳ ಮುಖದ ಹತ್ತಿರ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, "ನೀನು ನನ್ನ ಅಕ್ಕ" ಎಂದೆ. ತುಟಿಯನ್ನೇ ನೋಡಿದಳು. ಓದಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಅವಳನ್ನು ಹೂಳುವ ಕುಣಿಯ ಹತ್ತಿರ ಹಿರಿಯರೊಬ್ಬರು ನನ್ನನ್ನು ಮುಂದಕ್ಕೆ ಕರೆದರು. "ಆಕಿಗಿ ನಿನ್ನ ಬಿಟ್ಟು ಯಾರದಾರವ್ವಾ. ಮೊದಲನೇ ಹಿಡಿ ಮಣ್ಣು ನಿಂದ. ಇದೊಂದು ಆದ್ರ ಆಕಿ ಋಣ ಹರೀತು."

ಬಗ್ಗಿ ಮಣ್ಣು ಹಿಡಿದೆ. ಕೈಗೆ ಏನೋ ಒರಟಾಗಿ ತಾಗಿತು. ಈ ಸಲ ಬೆರಳು ಬಿಚ್ಚಿ ನೋಡಿದೆ, ಬರೀ ಹೆಂಟೆ. ಹಿರಿಯರು, "ಹಾಕವ್ವಾ, ತಡಾ ಮಾಡಬ್ಯಾಡ" ಎನ್ನುತ್ತಿದ್ದರು. ನನ್ನ ಕೈಯಿಂದ ಆಗಬೇಕಾದದ್ದು ಆ ಆದಿತ್ಯವಾರ ಒರಳಿನ ಹತ್ತಿರವೇ ಆಗಿಹೋಗಿದೆ ಎಂದು ಅವರಿಗೆ ಹೇಗೆ ಹೇಳಲಿ? ಹಾಕಿ, ಹಿಂದೆ ಸರಿದು ನಿಂತೆ.